ಒಂದೇ ಪರದೆಯಲ್ಲಿ ಪುಸ್ತಕ, ಟಿಪ್ಪಣಿ: ಕನ್ನಡದಲ್ಲಿ ಓದುವವರಿಗೆ ಯಾವ ತಂತ್ರಾಂಶ ಹೊಂದೀತು?

ಚಂದಾಪುರ: ಚಿಂಚೋಳಿಗೆ ಹೊಂದಿಕೊಂಡಿರುವ ಈ ಊರಿನಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವ ಯುವಜನರ ಓದಿನ ಮೇಜಿನ ಮೇಲೆ ನೋಟ್‌ಬುಕ್ಕಿನ ಜತೆಗೆ ಟ್ಯಾಬ್ಲೆಟ್ ಕೂಡ ಸ್ಥಾನ ಪಡೆದಿದೆ. ರಾಜ್ಯ ಸರ್ಕಾರವು 2021ರ ಜೂನ್‌ನಲ್ಲಿ ಸರ್ಕಾರಿ ಪ್ರಥಮ ದರ್ಜೆ, ಪಾಲಿಟೆಕ್ನಿಕ್ ಹಾಗೂ ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಉಚಿತ ಟ್ಯಾಬ್ಲೆಟ್ ವಿತರಣೆ ಆರಂಭಿಸಿದ ಮೇಲೆ, ಈ ಸಾಧನ ಸಾಧಾರಣ ಮನೆಗಳಿಗೂ ಅಪರಿಚಿತವಾಗಿ ಉಳಿದಿಲ್ಲ. ಪಠ್ಯಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ, ಸರ್ಕಾರಿ ಆದೇಶ ಎಲ್ಲವೂ ಪಿಡಿಎಫ್ ರೂಪದಲ್ಲಿ ಬರುವ ಕಾಲವಿದು. ಅವನ್ನು ಓದುತ್ತಲೇ ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳಲು ನೆರವಾಗುವ ‘ಸ್ಪ್ಲಿಟ್ ಸ್ಕ್ರೀನ್’ ಅಥವಾ ವಿಭಜಿತ ಪರದೆಯ ತಂತ್ರಾಂಶಗಳಿಗೆ ಬೇಡಿಕೆ ಬಂದಿರುವುದು ಇದೇ ಕಾರಣಕ್ಕೆ.

ಸಮಸ್ಯೆಯೆಂದರೆ, ಈ ತಂತ್ರಾಂಶಗಳ ಗುಣಗಾನವೆಲ್ಲ ಇಂಗ್ಲಿಷ್ ಪುಸ್ತಕ ಓದುವವರನ್ನು ಗಮನದಲ್ಲಿಟ್ಟುಕೊಂಡು ಸಿದ್ಧವಾದದ್ದು. ಕನ್ನಡ ಮಾಧ್ಯಮದ ಅಭ್ಯರ್ಥಿಯೊಬ್ಬರು ಅದನ್ನು ನಂಬಿ ಹಣ ತೆತ್ತ ಮೇಲೆ, ಕನ್ನಡದ ಸಾಲನ್ನು ಎಳೆದು ಟಿಪ್ಪಣಿಗೆ ಹಾಕಿದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡಿದರೆ ಆಗುವ ನಷ್ಟ ಹಣದ್ದು ಮಾತ್ರವಲ್ಲ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಉದ್ಯೋಗದಲ್ಲಿ ಮೀಸಲಾತಿ ದೊರೆತಿದೆಯಾದರೂ, ಆ ಸ್ಥಾನಗಳಿಗಾಗಿ ಇಲ್ಲಿನವರೇ ಪರಸ್ಪರ ಸ್ಪರ್ಧಿಸಬೇಕಿದೆ. ತಿಂಗಳುಗಟ್ಟಲೆ ಮಾಡಿದ ಟಿಪ್ಪಣಿ ಪರೀಕ್ಷೆಯ ಹಿಂದಿನ ವಾರ ತೆರೆಯದೆ ಹೋದರೆ ಅದನ್ನು ಮತ್ತೆ ಮಾಡಿಕೊಳ್ಳಲು ಸಮಯವಿರುವುದಿಲ್ಲ. ಆದ್ದರಿಂದ ಯಾವ ತಂತ್ರಾಂಶದಲ್ಲಿ ಎಷ್ಟು ಸೌಲಭ್ಯಗಳಿವೆ ಎಂದು ಎಣಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು: ಕೈಯಲ್ಲಿರುವ ಟ್ಯಾಬ್ಲೆಟ್ಟಿನಲ್ಲಿ ಅದು ಸರಾಗವಾಗಿ ನಡೆಯುತ್ತದೆಯೇ? ಕನ್ನಡದ ಪುಟದಿಂದ ವಿಷಯವನ್ನು ಸರಿಯಾಗಿ ಎತ್ತಿಕೊಳ್ಳುತ್ತದೆಯೇ? ನಾಳೆ ಆ ತಂತ್ರಾಂಶವನ್ನು ಬಿಡಬೇಕಾಗಿ ಬಂದರೆ ಟಿಪ್ಪಣಿ ನಮ್ಮ ಕೈಗೆ ಮರಳುತ್ತದೆಯೇ?

ಪುಟ ಇಬ್ಭಾಗ ಮಾಡುವುದು ಹೊಸದಲ್ಲ

ಪುಟವನ್ನು ಭಾಗ ಮಾಡಿ ಟಿಪ್ಪಣಿ ಬರೆಯುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರು ಪ್ರಚಾರಕ್ಕೆ ತಂದ ಕಾರ್ನೆಲ್ ಪದ್ಧತಿಯಲ್ಲಿ ಪುಟದ ಎಡಗಡೆ ಕಿರಿದಾದ ಅಂಕಣದಲ್ಲಿ ಪ್ರಶ್ನೆ ಮತ್ತು ಸುಳಿವು, ಬಲಗಡೆ ವಿಸ್ತಾರವಾದ ಟಿಪ್ಪಣಿ, ಕೆಳಗೆ ಸಾರಾಂಶ ಇರುತ್ತದೆ. ನಮ್ಮ ಅಂಗಡಿಗಳ ಲೆಕ್ಕದ ಪುಸ್ತಕದಲ್ಲಿ ಜಮಾ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆಯುವುದರ ಹಿಂದಿನ ತರ್ಕವೂ ಇದಕ್ಕೆ ಹತ್ತಿರದ್ದೇ. ಎದುರುಬದುರು ಇಟ್ಟರೆ ಹೋಲಿಕೆ ಸುಲಭ.

ಪರದೆಯ ಮೇಲೆ ಈ ಅನುಕೂಲ ಬಂದದ್ದು ಹಂತಹಂತವಾಗಿ. ಸ್ಯಾಮ್‌ಸಂಗ್ ಕಂಪೆನಿ 2012ರ ಹೊತ್ತಿಗೇ ತನ್ನ ಗ್ಯಾಲಕ್ಸಿ ನೋಟ್ 10.1 ಟ್ಯಾಬ್ಲೆಟ್ಟಿನಲ್ಲಿ ಎರಡು ತಂತ್ರಾಂಶಗಳನ್ನು ಒಟ್ಟಿಗೆ ತೆರೆಯುವ ವ್ಯವಸ್ಥೆ ನೀಡಿತ್ತು. ಆ್ಯಪಲ್ 2015ರಲ್ಲಿ ಐಒಎಸ್ 9ರ ಮೂಲಕ ಐಪ್ಯಾಡ್‌ಗೆ ಅದನ್ನು ತಂದಿತು. 2016ರಲ್ಲಿ ಬಿಡುಗಡೆಯಾದ ಆಂಡ್ರಾಯ್ಡ್ 7ರಲ್ಲಿ ಅದು ಕಾರ್ಯಾಚರಣ ವ್ಯವಸ್ಥೆಯ ಭಾಗವೇ ಆಯಿತು. 2025ರ ಐಪ್ಯಾಡ್‌ಒಎಸ್ 26ರಲ್ಲಿ ಆ್ಯಪಲ್ ಈ ಪದ್ಧತಿಯನ್ನು ಬದಲಿಸಿ, ಗಣಕಯಂತ್ರದಲ್ಲಿರುವಂತೆ ಹಿಗ್ಗಿಸಿ ಕುಗ್ಗಿಸಬಹುದಾದ ಕಿಟಕಿಗಳನ್ನು ಪರಿಚಯಿಸಿತು.

ವಿಭಜನೆ ಎರಡು ಬಗೆ

ಮಾರುಕಟ್ಟೆಯಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಮೊದಲನೆಯದು, ಟ್ಯಾಬ್ಲೆಟ್ ತಾನೇ ಮಾಡುವ ವಿಭಜನೆ. ಒಂದು ಭಾಗದಲ್ಲಿ ಪಿಡಿಎಫ್ ಓದುವ ತಂತ್ರಾಂಶ, ಇನ್ನೊಂದರಲ್ಲಿ ಟಿಪ್ಪಣಿಯ ತಂತ್ರಾಂಶ. ಎರಡೂ ಬೇರೆ ಬೇರೆ. ಒಂದಕ್ಕೆ ಇನ್ನೊಂದರ ಅರಿವಿಲ್ಲ. ಎರಡನೆಯದು, ಒಂದೇ ತಂತ್ರಾಂಶ ತನ್ನೊಳಗೇ ಪುಸ್ತಕವನ್ನೂ ಟಿಪ್ಪಣಿಯ ಹಾಳೆಯನ್ನೂ ಅಕ್ಕಪಕ್ಕ ತೆರೆಯುವುದು. ಇಲ್ಲಿ ಪುಸ್ತಕದ ಒಂದು ಸಾಲನ್ನು ಬೆರಳಿನಿಂದ ಎಳೆದು ಟಿಪ್ಪಣಿಗೆ ಹಾಕಿದರೆ, ಆ ತುಣುಕಿಗೂ ಮೂಲ ಪುಟಕ್ಕೂ ಕೊಂಡಿ ಉಳಿಯುತ್ತದೆ. ತಿಂಗಳ ನಂತರ ಆ ತುಣುಕನ್ನು ಮುಟ್ಟಿದರೆ ಮೂಲ ಪುಟವೇ ತೆರೆದುಕೊಳ್ಳುತ್ತದೆ.

ಈ ಕೊಂಡಿಯ ಬೆಲೆ ತಿಳಿಯಲು ಸೇಡಂ ತಾಲ್ಲೂಕಿನ ಮಳಖೇಡವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕನ್ನಡದ ಉಪಲಬ್ಧ ಮೊದಲ ಗ್ರಂಥ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾಯಿತು. ಕರ್ತೃ ಯಾರೆಂದು ಕೇಳಿದರೆ ಕೆಲವು ಪುಸ್ತಕಗಳು ನೃಪತುಂಗ ಎನ್ನುತ್ತವೆ, ಕೆಲವು ಆಸ್ಥಾನ ಕವಿ ಶ್ರೀವಿಜಯ ಎನ್ನುತ್ತವೆ. ಎರಡೂ ಹೇಳಿಕೆಗಳನ್ನು ಅಭ್ಯರ್ಥಿ ಬರೆದುಕೊಂಡು, ಯಾವುದು ಯಾವ ಪುಸ್ತಕದ ಎಷ್ಟನೇ ಪುಟದ್ದು ಎಂಬುದನ್ನು ಗುರುತಿಸದಿದ್ದರೆ, ಪರೀಕ್ಷೆಗೆ ಮುನ್ನ ಅದೇ ಗೊಂದಲ ಎದುರಾಗುತ್ತದೆ. ಕೊಂಡಿ ಇರುವ ತಂತ್ರಾಂಶ ಈ ಕೆಲಸವನ್ನು ತಾನೇ ಮಾಡುತ್ತದೆ. ಕೊಂಡಿ ಇಲ್ಲದಿದ್ದಲ್ಲಿ ಪುಸ್ತಕದ ಹೆಸರು, ಪುಟಸಂಖ್ಯೆಗಳನ್ನು ಕೈಯಾರೆ ಬರೆದುಕೊಳ್ಳಬೇಕು.

ಆದರೆ ಕೊಂಡಿಗೂ ಒಂದು ಮಿತಿಯಿದೆ. ಅದು ಆ ತಂತ್ರಾಂಶದ ಒಳಗೆ ಮಾತ್ರ ಬದುಕಿರುತ್ತದೆ. ಟಿಪ್ಪಣಿಯನ್ನು ಪಿಡಿಎಫ್ ಮಾಡಿ ಹೊರತೆಗೆದು ಬೇರೆ ತಂತ್ರಾಂಶದಲ್ಲಿ ತೆರೆದಾಗ ತುಣುಕುಗಳು ಉಳಿದರೂ ಕೊಂಡಿಗಳು ಸಾಮಾನ್ಯವಾಗಿ ಕಳಚಿಹೋಗುತ್ತವೆ. ಕೊಂಡಿ ಇದ್ದರೂ ಪುಟಸಂಖ್ಯೆ ಬರೆದಿಡುವ ಅಭ್ಯಾಸವನ್ನು ಬಿಡಬಾರದು.

ಪರದೆಯ ಅಳತೆ, ಒತ್ತಕ್ಷರದ ಪಾಡು

ತಂತ್ರಾಂಶ ಎಷ್ಟೇ ಉತ್ತಮವಾಗಿದ್ದರೂ ಪರದೆಯ ಅಳತೆಯನ್ನು ಅದು ಹೆಚ್ಚಿಸಲಾರದು. ಲೆಕ್ಕ ಸರಳವಾಗಿದೆ. 16:10 ಅನುಪಾತದ 10.1 ಇಂಚಿನ ಟ್ಯಾಬ್ಲೆಟ್ ಅಡ್ಡಲಾಗಿ ಹಿಡಿದಾಗ ಸುಮಾರು 21.8 ಸೆಂ.ಮೀ. ಅಗಲವಿರುತ್ತದೆ. ಅದನ್ನು ಅಕ್ಕಪಕ್ಕ ಎರಡಾಗಿ ಮಾಡಿದರೆ ಒಂದು ಭಾಗಕ್ಕೆ ಸಿಗುವುದು ಸುಮಾರು 10.9 ಸೆಂ.ಮೀ. ಎ4 ಹಾಳೆಯ ಅಗಲ 21 ಸೆಂ.ಮೀ. ಅಂದರೆ ಇಡೀ ಪುಟ ಕಾಣುವಂತೆ ಇಟ್ಟಾಗ ಅಕ್ಷರಗಳು ಅರ್ಧಕ್ಕೆ ಇಳಿಯುತ್ತವೆ. 12 ಪಾಯಿಂಟ್ ಗಾತ್ರದಲ್ಲಿ ಅಚ್ಚಾದದ್ದು 6 ಪಾಯಿಂಟ್‌ನಂತೆ ಕಾಣುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಆ ಗಾತ್ರದಲ್ಲಿ ಹೇಗೋ ಓದಬಹುದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಬರುವುದರಿಂದ ‘ತ’ ಒತ್ತು ಯಾವುದು, ‘ನ’ ಒತ್ತು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. 8 ಇಂಚಿನ ಟ್ಯಾಬ್ಲೆಟ್ಟಿನಲ್ಲಂತೂ ಅರ್ಧ ಭಾಗ ಸುಮಾರು 8.6 ಸೆಂ.ಮೀ.ಗೆ ಇಳಿಯುತ್ತದೆ, ಅದು ಮೊಬೈಲ್ ಫೋನಿನ ಅಗಲಕ್ಕಿಂತ ತುಸು ಹೆಚ್ಚು ಅಷ್ಟೆ.

ಇದಕ್ಕೆ ಒಂದು ಪರಿಹಾರವಿದೆ. ಟ್ಯಾಬ್ಲೆಟ್ಟನ್ನು ಲಂಬವಾಗಿ ಹಿಡಿದು, ಪರದೆಯನ್ನು ಅಕ್ಕಪಕ್ಕದ ಬದಲು ಮೇಲೆ–ಕೆಳಗೆ ವಿಭಜಿಸುವುದು. ಆಗ 10.1 ಇಂಚಿನ ಪರದೆಯಲ್ಲಿ ಸಾಲಿಗೆ 13.6 ಸೆಂ.ಮೀ. ಅಗಲ ಸಿಗುತ್ತದೆ. 12 ಪಾಯಿಂಟ್ ಅಕ್ಷರ ಸುಮಾರು 8 ಪಾಯಿಂಟ್‌ನಷ್ಟು ಕಾಣುತ್ತದೆ. ಒಮ್ಮೆಗೆ ಅರ್ಧ ಪುಟವಷ್ಟೇ ಕಂಡರೂ ಸಾಲುಗಳು ಓದುವಂತಿರುತ್ತವೆ, ಪ್ರತಿ ಸಾಲಿಗೂ ಪುಟವನ್ನು ಎಡಬಲಕ್ಕೆ ಸರಿಸುವ ಕಿರಿಕಿರಿ ತಪ್ಪುತ್ತದೆ. ಪುಟದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ ತೋರಿಸುವ ಸೌಲಭ್ಯ ಪಿಡಿಎಫ್ ತಂತ್ರಾಂಶದಲ್ಲಿದ್ದರೆ ಇನ್ನಷ್ಟು ಅನುಕೂಲ.

ಲಂಬ ವಿಭಜನೆಯ ತೊಡಕು ಕೀಲಿಮಣೆಯದು. ಪರದೆಯ ಮೇಲಿನ ಕೀಲಿಮಣೆ ತೆರೆದರೆ ಟಿಪ್ಪಣಿಯ ಭಾಗದ ಬಹುಪಾಲು ಮುಚ್ಚಿಹೋಗುತ್ತದೆ. ಆದ್ದರಿಂದ ಸ್ಟೈಲಸ್ ಲೇಖನಿಯಿಂದ ಬರೆಯುವವರಿಗೆ ಮೇಲೆ–ಕೆಳಗಿನ ವಿಭಜನೆ, ಬ್ಲೂಟೂತ್ ಕೀಲಿಮಣೆ ಇಟ್ಟುಕೊಂಡವರಿಗೆ ಅಕ್ಕಪಕ್ಕದ ವಿಭಜನೆ ಹೆಚ್ಚು ಸೂಕ್ತ. ಇನ್ನೊಂದು ಎಚ್ಚರಿಕೆ: ತೀರಾ ಕಡಿಮೆ ರ‍್ಯಾಮ್ ಇರುವ ಕೆಲವು ಆಂಡ್ರಾಯ್ಡ್ ಸಾಧನಗಳಲ್ಲಿ ಪರದೆ ವಿಭಜಿಸುವ ಸೌಲಭ್ಯವೇ ಇರುವುದಿಲ್ಲ. ಇದ್ದರೂ, ದೊಡ್ಡ ಪಿಡಿಎಫ್ ತೆರೆದಾಗ ಪಕ್ಕದ ತಂತ್ರಾಂಶ ಮುಚ್ಚಿಕೊಂಡು ಮತ್ತೆ ಮೊದಲಿನಿಂದ ತೆರೆಯುವುದುಂಟು. ತಂತ್ರಾಂಶ ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಲೇಬೇಕು.

ಕನ್ನಡ ಪಿಡಿಎಫ್‌ನ ಒಳಗುಟ್ಟು

ಕನ್ನಡದಲ್ಲಿ ಓದುವವರಿಗೆ ಎದುರಾಗುವ ನಿಜವಾದ ಅಡ್ಡಿ ಇರುವುದು ಟಿಪ್ಪಣಿ ತಂತ್ರಾಂಶದಲ್ಲಲ್ಲ, ಪಿಡಿಎಫ್ ಕಡತದಲ್ಲಿ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತಿತರ ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ್ದವು. ಕಣ್ಣಿಗೆ ಕಾಣುವುದು ಕನ್ನಡ. ಯಂತ್ರಕ್ಕೆ ಕಾಣುವುದು ರೋಮನ್ ಲಿಪಿ. ಅಂಥ ಕಡತದಿಂದ ಒಂದು ಸಾಲನ್ನು ನಕಲಿಸಿ ಟಿಪ್ಪಣಿಗೆ ಹಾಕಿದರೆ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳು ಬರುತ್ತವೆ. ಯೂನಿಕೋಡ್ ಬಳಸಿ ಸಿದ್ಧಪಡಿಸಿದ ಕಡತಗಳಲ್ಲೂ ಕೆಲವೊಮ್ಮೆ ಗುಣಿತದ ಚಿಹ್ನೆ, ಒತ್ತಕ್ಷರಗಳ ಕ್ರಮ ಅದಲುಬದಲಾಗಿ ಬರುತ್ತದೆ. ಪುಸ್ತಕವನ್ನು ಸ್ಕ್ಯಾನ್ ಮಾಡಿ ತಯಾರಿಸಿದ ಕಡತದಲ್ಲಂತೂ ಅಕ್ಷರಗಳೇ ಇರುವುದಿಲ್ಲ, ಇರುವುದು ಚಿತ್ರ ಮಾತ್ರ.

ಹೀಗಾಗಿ ‘ಸಾಲನ್ನು ಎಳೆದು ಹಾಕಿ’ ಎಂಬ ಸೌಲಭ್ಯ ಕನ್ನಡದ ಬಹಳಷ್ಟು ಕಡತಗಳಲ್ಲಿ ಕೈಕೊಡುತ್ತದೆ. ಬದಲಿಗೆ ಬೇಕಾದದ್ದು ಚೌಕಾಕಾರದಲ್ಲಿ ಆಯ್ದು ಆ ಭಾಗವನ್ನು ಚಿತ್ರವಾಗಿ ಎತ್ತಿಕೊಳ್ಳುವ ಸೌಲಭ್ಯ. ಚಿತ್ರವಾಗಿ ಬಂದ ಕನ್ನಡ ಹಾಳಾಗುವುದಿಲ್ಲ. ಕನ್ನಡದ ಓದುಗರು ಯಾವುದೇ ತಂತ್ರಾಂಶದಲ್ಲಿ ಮೊದಲು ಹುಡುಕಬೇಕಾದ ಗುಣ ಇದು.

ಚಿತ್ರದ ಕೊರತೆಯೆಂದರೆ ಅದರೊಳಗೆ ಪದ ಹುಡುಕಲಾಗದು. ಅದಕ್ಕೂ ಸುಲಭ ಉಪಾಯವಿದೆ. ಪ್ರತಿ ತುಣುಕಿನ ಮೇಲೆ ಎರಡು ಮೂರು ಪದಗಳ ಶೀರ್ಷಿಕೆಯನ್ನು ಯೂನಿಕೋಡ್ ಕೀಲಿಮಣೆಯಿಂದ ಟೈಪ್ ಮಾಡುವುದು: ‘ಕವಿರಾಜಮಾರ್ಗ, ಕರ್ತೃ, ಪುಟ 42’ ಎಂಬಂತೆ. ಹುಡುಕಿದಾಗ ಶೀರ್ಷಿಕೆ ಸಿಗುತ್ತದೆ, ಶೀರ್ಷಿಕೆಯ ಕೆಳಗೆ ಚಿತ್ರವಿರುತ್ತದೆ. ಇಡೀ ಪಠ್ಯವೇ ಅಕ್ಷರರೂಪದಲ್ಲಿ ಬೇಕಿದ್ದರೆ ಗೂಗಲ್ ಡ್ರೈವ್‌ಗೆ ಪುಟದ ಚಿತ್ರ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದು ಕನ್ನಡವನ್ನು ಗುರುತಿಸಿ ಅಕ್ಷರಕ್ಕಿಳಿಸುತ್ತದೆ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳೂ ಅಂತರಜಾಲದಲ್ಲಿ ಉಚಿತವಾಗಿ ಲಭ್ಯ. ಎರಡರಲ್ಲೂ ತಪ್ಪು ನುಸುಳುವುದರಿಂದ ಇಸವಿ, ಅಂಕಿ, ಹೆಸರುಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು. ಹೀಗೆ ಹೋಲಿಸುವುದಕ್ಕೂ ವಿಭಜಿತ ಪರದೆಯೇ ಅನುಕೂಲ.

ಯಾವ ತಂತ್ರಾಂಶ ಹೇಗೆ?

ವನ್‌ನೋಟ್: ಮೈಕ್ರೋಸಾಫ್ಟ್ ಕಂಪೆನಿಯ ಈ ತಂತ್ರಾಂಶ ಆಂಡ್ರಾಯ್ಡ್, ಐಪ್ಯಾಡ್, ವಿಂಡೋಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ನೋಟ್‌ಬುಕ್, ಅದರೊಳಗೆ ವಿಭಾಗ, ವಿಭಾಗದೊಳಗೆ ಪುಟ ಎಂಬ ಜೋಡಣೆ ವಿಷಯವಾರು ಓದುವವರಿಗೆ ಹೊಂದುತ್ತದೆ. ಯೂನಿಕೋಡ್ ಕನ್ನಡ ಟೈಪ್ ಮಾಡಬಹುದು, ಹುಡುಕಬಹುದು. ಟ್ಯಾಬ್ಲೆಟ್ಟಿನಲ್ಲಿ ಪಿಡಿಎಫ್ ಮತ್ತು ಟಿಪ್ಪಣಿ ಅಕ್ಕಪಕ್ಕ ಬೇಕಿದ್ದರೆ ಟ್ಯಾಬ್ಲೆಟ್ಟಿನ ವಿಭಜನೆಯನ್ನೇ ಅವಲಂಬಿಸಬೇಕು. ಮೂಲಕ್ಕೆ ಕೊಂಡಿ ತಾನಾಗಿ ಬರುವುದಿಲ್ಲ. ಟಿಪ್ಪಣಿಗಳು ಅಂತರಜಾಲದ ಖಾತೆಯಲ್ಲಿ ಉಳಿಯುವುದರಿಂದ ಸಾಧನ ಕೆಟ್ಟರೂ ಸಿಗುತ್ತವೆ. ಆದರೆ ನೆಟ್‌ವರ್ಕ್ ದುರ್ಬಲವಾಗಿರುವ ಕಡೆ ಹೊಂದಾಣಿಕೆ ನಿಧಾನವಾಗುತ್ತದೆ.

ಗೂಗಲ್ ಕೀಪ್: ಹಗುರವಾದ, ಉಚಿತವಾದ ತಂತ್ರಾಂಶ. ಹಳೆಯ ಸಾಧನದಲ್ಲೂ ಓಡುತ್ತದೆ. ಸಣ್ಣ ಚೀಟಿಗಳಿಗೆ, ದಿನದ ಪ್ರಚಲಿತ ವಿದ್ಯಮಾನದ ಎರಡು ಸಾಲಿಗೆ ಸರಿ. ಒಂದು ಇಡೀ ವಿಷಯದ ಟಿಪ್ಪಣಿಗೆ ಸಾಲದು.

ಸ್ಯಾಮ್‌ಸಂಗ್ ನೋಟ್ಸ್: ಸ್ಯಾಮ್‌ಸಂಗ್ ಟ್ಯಾಬ್ಲೆಟ್ ಇರುವವರಿಗೆ, ಅದರಲ್ಲೂ ಜತೆಯಲ್ಲೇ ಲೇಖನಿ ಬರುವ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥ ಮಾದರಿ ಕೊಂಡವರಿಗೆ ಪ್ರತ್ಯೇಕ ತಂತ್ರಾಂಶದ ಅಗತ್ಯ ಬಹಳ ಮಟ್ಟಿಗೆ ಬೀಳದು. ಪಿಡಿಎಫ್ ತೆರೆದು ಅದರ ಮೇಲೆಯೇ ಬರೆಯಬಹುದು. ಬರೆಯುತ್ತಿರುವಾಗ ಪಾಠದ ಧ್ವನಿಮುದ್ರಣ ಮಾಡಿಕೊಳ್ಳಬಹುದು. ಟಿಪ್ಪಣಿಯನ್ನು ಪಿಡಿಎಫ್, ವರ್ಡ್ ಅಥವಾ ಚಿತ್ರವಾಗಿ ಹೊರತೆಗೆಯಬಹುದು. ಮುಂದೆ ಬೇರೆ ಕಂಪೆನಿಯ ಸಾಧನ ಕೊಂಡರೆ ಇದೇ ತಂತ್ರಾಂಶ ಅಲ್ಲಿ ಸಿಗದು ಎಂಬುದು ಮಿತಿ.

ಫ್ಲೆಕ್ಸಿಲ್: ತನ್ನೊಳಗೇ ಪುಸ್ತಕ ಮತ್ತು ಟಿಪ್ಪಣಿ ತೆರೆಯುವ ಬಗೆಯದು. ಆಂಡ್ರಾಯ್ಡ್ ಮತ್ತು ಐಪ್ಯಾಡ್ ಎರಡರಲ್ಲೂ ಸಿಗುವುದು ಇದರ ಹೆಚ್ಚುಗಾರಿಕೆ. ಓದುತ್ತಿರುವ ಪುಟದ ಮೇಲೆ ಸಣ್ಣ ಟಿಪ್ಪಣಿ ಹಾಳೆ ತೇಲುವಂತೆ ತೆರೆಯುತ್ತದೆ. ಪುಸ್ತಕದಿಂದ ಎಳೆದು ಹಾಕಿದ ತುಣುಕಿಗೆ ಮೂಲದ ಕೊಂಡಿ ಇರುತ್ತದೆ. ಮಧ್ಯಮ ಬೆಲೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ ಇಟ್ಟುಕೊಂಡು ಕೊಂಡಿಯ ಅನುಕೂಲ ಬಯಸುವವರು ಮೊದಲು ನೋಡಬೇಕಾದದ್ದು ಇದನ್ನು. ಉಚಿತ ಆವೃತ್ತಿಗೆ ಮಿತಿಗಳಿವೆ.

ಲಿಕ್ವಿಡ್‌ಟೆಕ್ಸ್ಟ್: ಮೊದಲು ಐಪ್ಯಾಡ್‌ಗೆಂದು ಬಂದು, ನಂತರ ವಿಂಡೋಸ್‌ಗೂ ವಿಸ್ತರಿಸಿತು. ಒಂದು ಕಡೆ ದಾಖಲೆ, ಇನ್ನೊಂದು ಕಡೆ ಎಲ್ಲೆಯಿಲ್ಲದ ಕೆಲಸದ ಹಾಳೆ. ಎರಡು ಬೆರಳಿನಿಂದ ಪುಟಗಳನ್ನು ಮಡಚಿ 10ನೇ ಪುಟ ಮತ್ತು 90ನೇ ಪುಟವನ್ನು ಒಟ್ಟಿಗೆ ನೋಡಬಹುದು. ಸರ್ಕಾರಿ ಆದೇಶ, ತೀರ್ಪು, ವರದಿಗಳನ್ನು ಹೋಲಿಸುವವರಿಗೆ, ಕಾನೂನು ಓದುವವರಿಗೆ ಇದು ಹೇಳಿಮಾಡಿಸಿದಂತಿದೆ. ದಿನನಿತ್ಯದ ತರಗತಿ ಟಿಪ್ಪಣಿಗೆ ಇಷ್ಟೊಂದು ಬೇಕಿಲ್ಲ.

ಮಾರ್ಜಿನ್‌ನೋಟ್: ಆ್ಯಪಲ್ ಸಾಧನಗಳಿಗೆ ರೂಪಿಸಿದ್ದು. ಪುಸ್ತಕದಿಂದ ಎತ್ತಿದ ತುಣುಕುಗಳನ್ನು ಮನೋನಕ್ಷೆಯಾಗಿ ಜೋಡಿಸುತ್ತದೆ, ಅವನ್ನೇ ಪ್ರಶ್ನೋತ್ತರದ ಚೀಟಿಗಳಾಗಿಯೂ ಬದಲಿಸಿ ಪುನರಾವರ್ತನೆ ಮಾಡಿಸುತ್ತದೆ. ಚೌಕ ಎಳೆದು ಚಿತ್ರವಾಗಿ ಆಯ್ದುಕೊಳ್ಳುವ ಸೌಲಭ್ಯವಿರುವುದರಿಂದ ಕನ್ನಡ ಕಡತಗಳಿಗೆ ಒಗ್ಗುತ್ತದೆ. ಕಲಿಯಲು ಹಲವು ದಿನ ಬೇಕು. ಪರೀಕ್ಷೆ ಹತ್ತಿರವಿರುವಾಗ ಶುರು ಮಾಡುವಂಥದ್ದಲ್ಲ.

ಗುಡ್‌ನೋಟ್ಸ್ ಮತ್ತು ನೋಟಬಿಲಿಟಿ: ಎರಡೂ ಐಪ್ಯಾಡ್‌ನಲ್ಲಿ ಕೈಬರಹಕ್ಕೆ ಹೆಸರಾದವು. ಗುಡ್‌ನೋಟ್ಸ್ ನಿಜವಾದ ನೋಟ್‌ಬುಕ್ಕಿನಂತೆ ಪುಟ ತಿರುವುತ್ತಾ ಬರೆಯುವವರಿಗೆ ಹಿತ. ಉಚಿತ ಆವೃತ್ತಿಯಲ್ಲಿ ನೋಟ್‌ಬುಕ್‌ಗಳ ಸಂಖ್ಯೆಗೆ ಮಿತಿಯಿದೆ. ನೋಟಬಿಲಿಟಿಯ ವಿಶೇಷವೆಂದರೆ ಧ್ವನಿ ಮತ್ತು ಬರಹದ ಜೋಡಣೆ: ಬರೆದ ಪದವನ್ನು ಮುಟ್ಟಿದರೆ ಅದನ್ನು ಬರೆಯುತ್ತಿದ್ದಾಗ ಉಪನ್ಯಾಸಕರು ಹೇಳಿದ ಮಾತು ಕೇಳಿಸುತ್ತದೆ. ತರಗತಿಗೆ ಹೋಗಿ ಪಾಠ ಕೇಳುವವರಿಗೆ ಇದು ಉಪಯುಕ್ತ. ಪುಸ್ತಕ ಓದಿಯೇ ಸಿದ್ಧರಾಗುವವರಿಗೆ ಅಷ್ಟು ಮುಖ್ಯವಲ್ಲ.

ಆ್ಯಪಲ್ ನೋಟ್ಸ್: ಐಪ್ಯಾಡ್‌ನಲ್ಲಿ ಉಚಿತವಾಗಿ ಬರುವ ಈ ತಂತ್ರಾಂಶವನ್ನು ಹಲವರು ಕಡೆಗಣಿಸುತ್ತಾರೆ. ಕೈಬರಹ, ಟೈಪಿಂಗ್, ಪಿಡಿಎಫ್ ಲಗತ್ತು ಎಲ್ಲಕ್ಕೂ ಅವಕಾಶವಿದೆ. ಬೇರೆ ತಂತ್ರಾಂಶಕ್ಕೆ ಹಣ ಕೊಡುವ ಮುನ್ನ ಒಂದು ತಿಂಗಳು ಇದನ್ನೇ ಬಳಸಿ ನೋಡುವುದು ಲೇಸು.

ಕೈಬರಹವೋ, ಟೈಪಿಂಗೋ?

ಪ್ಯಾಮ್ ಮ್ಯೂಲರ್ ಮತ್ತು ಡೇನಿಯಲ್ ಓಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವವರು ಉಪನ್ಯಾಸವನ್ನು ಪದಶಃ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ಸ್ವಂತ ಮಾತಿನಲ್ಲಿ ಸಂಗ್ರಹಿಸುತ್ತಾರೆ, ಹಾಗಾಗಿ ಕೈಬರಹದವರಿಗೆ ವಿಷಯ ಹೆಚ್ಚು ಅರ್ಥವಾಗುತ್ತದೆ ಎಂದು ಹೇಳಿತ್ತು. ನಂತರದ ವರ್ಷಗಳಲ್ಲಿ ಅದೇ ಪ್ರಯೋಗವನ್ನು ಮತ್ತೆ ನಡೆಸಿದವರಿಗೆ ಅಷ್ಟು ಸ್ಪಷ್ಟ ಫಲಿತಾಂಶ ದೊರೆಯಲಿಲ್ಲ. ಆದರೂ ಅದರಲ್ಲಿ ಒಂದು ಎಚ್ಚರಿಕೆ ಉಳಿಯುತ್ತದೆ. ವಿಭಜಿತ ಪರದೆಯಲ್ಲಿ ಸಾಲುಗಳನ್ನು ಎಳೆದು ಹಾಕುವುದು ಟೈಪಿಂಗ್‌ಗಿಂತಲೂ ಸುಲಭ. ಒಂದು ಗಂಟೆಯಲ್ಲಿ ಐವತ್ತು ತುಣುಕು ಎತ್ತಿ ಹಾಕಿದವರಿಗೆ ಓದಿದಂತೆ ಅನ್ನಿಸುತ್ತದೆ. ತಲೆಯಲ್ಲಿ ಉಳಿದದ್ದು ಕಡಿಮೆ ಇರಬಹುದು. ಪ್ರತಿ ತುಣುಕಿನ ಕೆಳಗೆ ಸ್ವಂತ ವಾಕ್ಯವೊಂದನ್ನು ಬರೆಯುವ ನಿಯಮ ಹಾಕಿಕೊಂಡರೆ ಈ ಅಪಾಯ ತಗ್ಗುತ್ತದೆ.

ಕನ್ನಡ ಕೈಬರಹವನ್ನು ಅಕ್ಷರಕ್ಕಿಳಿಸುವ ವಿಚಾರದಲ್ಲಿ ಜಾಹೀರಾತಿನ ಮಾತನ್ನು ನಂಬದೆ ಸ್ವತಃ ಪರೀಕ್ಷಿಸಬೇಕು. ‘ಕೈಬರಹ ಹುಡುಕುವ ಸೌಲಭ್ಯ’ ಎಂದು ಬರೆದಿದ್ದರೆ ಅದು ಕನ್ನಡಕ್ಕೂ ಅನ್ವಯಿಸುತ್ತದೆ ಎಂದು ಭಾವಿಸುವಂತಿಲ್ಲ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ಜಿಬೋರ್ಡ್ ಕೀಲಿಮಣೆ ಕನ್ನಡ ಕೈಬರಹವನ್ನೂ ಧ್ವನಿಯನ್ನೂ ಯೂನಿಕೋಡ್ ಅಕ್ಷರಕ್ಕೆ ಬದಲಿಸುತ್ತದೆ. ಅದು ಯಾವುದೇ ಟಿಪ್ಪಣಿ ತಂತ್ರಾಂಶದ ಒಳಗೂ ಕೆಲಸ ಮಾಡುವುದರಿಂದ ಶೀರ್ಷಿಕೆ ಬರೆಯಲು ಸಾಕು. ಲೇಖನಿಯ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ರಬ್ಬರ್ ತುದಿಯ ಲೇಖನಿ ಎಲ್ಲ ಪರದೆಗಳ ಮೇಲೂ ಬರೆಯುತ್ತದೆ. ಆದರೆ ಅಂಗೈ ಪರದೆಗೆ ತಗುಲಿದರೂ ಗೆರೆ ಮೂಡುತ್ತದೆ, ಸಣ್ಣ ಒತ್ತಕ್ಷರ ಬರೆಯುವುದು ಕಷ್ಟ. ನುಣುಪಾದ ಕೈಬರಹಕ್ಕೆ ಆಯಾ ಟ್ಯಾಬ್ಲೆಟ್ಟಿಗೆ ಹೊಂದುವ ಸಕ್ರಿಯ ಲೇಖನಿಯೇ ಬೇಕು, ಅದನ್ನು ಎಲ್ಲ ಟ್ಯಾಬ್ಲೆಟ್‌ಗಳೂ ಸ್ವೀಕರಿಸುವುದಿಲ್ಲ.

ಟಿಪ್ಪಣಿ ಯಾರದು?

ತಂತ್ರಾಂಶ ಕಂಪೆನಿಗಳು ನಿಯಮ ಬದಲಿಸುವುದು ಹೊಸತಲ್ಲ. ನೋಟಬಿಲಿಟಿ 2021ರ ನವೆಂಬರ್‌ನಲ್ಲಿ ಒಮ್ಮೆ ಹಣ ಕೊಟ್ಟು ಕೊಳ್ಳುವ ಪದ್ಧತಿ ಕೈಬಿಟ್ಟು ವಾರ್ಷಿಕ ಚಂದಾಕ್ಕೆ ಬದಲಾಯಿತು. ಹಿಂದೆ ಕೊಂಡಿದ್ದವರು ತೀವ್ರವಾಗಿ ಆಕ್ಷೇಪಿಸಿದ ಮೇಲೆ ಅವರಿಗೆ ಹಳೆಯ ಸೌಲಭ್ಯಗಳನ್ನು ಉಳಿಸಿಕೊಟ್ಟಿತು. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿಗಳ ಮಿತಿ ಹಾಕಿತು. ಎರಡು ವರ್ಷ ಸಿದ್ಧತೆ ನಡೆಸುವ ಅಭ್ಯರ್ಥಿಗೆ ನಡುವೆ ಇಂಥ ಬದಲಾವಣೆ ಎದುರಾದರೆ, ಹಣ ಕಟ್ಟಬೇಕು ಇಲ್ಲವೇ ಟಿಪ್ಪಣಿ ಹೊತ್ತು ಹೊರಡಬೇಕು.

ಇದಕ್ಕೆ ಮುನ್ನೆಚ್ಚರಿಕೆ ಒಂದೇ. ವಾರಕ್ಕೊಮ್ಮೆ ಟಿಪ್ಪಣಿಗಳನ್ನು ಪಿಡಿಎಫ್ ಮಾಡಿ ಮೆಮೊರಿ ಕಾರ್ಡ್ ಅಥವಾ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು. ಕಲಬುರಗಿ ಜಿಲ್ಲೆಯ ಬೇಸಿಗೆಯೂ ಇದಕ್ಕೊಂದು ಕಾರಣ. ಐಪ್ಯಾಡ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಸೂಚಿಸುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ತಾಪಮಾನ 40 ಡಿಗ್ರಿ ದಾಟುತ್ತದೆ. ಬಿಸಿಯೇರಿದ ಸಾಧನ ಪರದೆ ಮಂಕಾಗಿಸುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ. ಚಾರ್ಜ್‌ಗೆ ಹಾಕಿಕೊಂಡೇ ಎರಡು ತಂತ್ರಾಂಶಗಳನ್ನು ಗಂಟೆಗಟ್ಟಲೆ ತೆರೆದಿಡುವುದನ್ನು ಆ ತಿಂಗಳುಗಳಲ್ಲಿ ತಪ್ಪಿಸಬೇಕು.

ಕೊಳ್ಳುವ ಮುನ್ನ ಅರ್ಧ ಗಂಟೆ

ಯಾವುದೇ ತಂತ್ರಾಂಶಕ್ಕೆ ಹಣ ಕೊಡುವ ಮೊದಲು ಉಚಿತ ಆವೃತ್ತಿಯಲ್ಲಿ ಈ ಐದು ಪರೀಕ್ಷೆಗಳನ್ನು ಮಾಡಿ ನೋಡಬಹುದು.

1. ನಿಜವಾಗಿ ಓದಬೇಕಿರುವ ಅತಿ ದೊಡ್ಡ ಕನ್ನಡ ಪಿಡಿಎಫ್ ಅನ್ನು ತೆರೆದು, ಪಕ್ಕದಲ್ಲಿ ಟಿಪ್ಪಣಿ ತೆರೆದು, ಇಪ್ಪತ್ತು ಪುಟ ತಿರುವಬೇಕು. ತಂತ್ರಾಂಶ ಮುಚ್ಚಿಕೊಂಡರೆ ಅಲ್ಲಿಗೆ ಕೈಬಿಡುವುದು.

2. ಒಂದು ಸಾಲನ್ನು ಅಕ್ಷರವಾಗಿ, ಅದೇ ಸಾಲನ್ನು ಚಿತ್ರವಾಗಿ ಎತ್ತಿ ಹಾಕಬೇಕು. ಚಿತ್ರವಾಗಿಯೂ ಬಾರದಿದ್ದರೆ ಕನ್ನಡಕ್ಕೆ ಅದು ಒಗ್ಗದು.

3. ‘ಶ್ರೀವಿಜಯ’, ‘ಮಾನ್ಯಖೇಟ’ ಎಂದು ಟೈಪ್ ಮಾಡಿ, ತಂತ್ರಾಂಶ ಮುಚ್ಚಿ ತೆರೆದು, ಅದೇ ಪದವನ್ನು ಹುಡುಕಬೇಕು.

4. ಅಂತರಜಾಲ ಸಂಪರ್ಕ ಕಡಿತಗೊಳಿಸಿ ಹಳೆಯ ಟಿಪ್ಪಣಿ ತೆರೆಯುತ್ತದೆಯೇ ನೋಡಬೇಕು.

5. ಟಿಪ್ಪಣಿಯನ್ನು ಪಿಡಿಎಫ್ ಮಾಡಿ ಬೇರೊಂದು ಫೋನಿನಲ್ಲಿ ತೆರೆದು ಕನ್ನಡ ಸರಿಯಾಗಿದೆಯೇ ನೋಡಬೇಕು.

ಯಾರಿಗೆ ಯಾವುದು?

ಹಳೆಯ ಅಥವಾ 8 ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಇರುವವರು ಹಣ ಖರ್ಚು ಮಾಡಬೇಕಿಲ್ಲ. ಪರದೆಯಲ್ಲಿ ಪುಸ್ತಕವನ್ನಷ್ಟೇ ಪೂರ್ಣವಾಗಿ ತೆರೆದು ಕಾಗದದ ನೋಟ್‌ಬುಕ್ಕಿನಲ್ಲಿ ಬರೆಯುವುದೇ ಅವರಿಗೆ ಉತ್ತಮ ವಿಭಜನೆ. 10 ಇಂಚಿನ ಆಂಡ್ರಾಯ್ಡ್ ಇರುವವರಿಗೆ ವನ್‌ನೋಟ್‌ನಿಂದ ಆರಂಭಿಸಿ, ಮೂಲದ ಕೊಂಡಿ ಬೇಕೆನಿಸಿದರೆ ಫ್ಲೆಕ್ಸಿಲ್‌ಗೆ ಹೋಗುವುದು ಸರಿಯಾದ ದಾರಿ. ಸ್ಯಾಮ್‌ಸಂಗ್ ಸಾಧನದವರಿಗೆ ಅದರದೇ ತಂತ್ರಾಂಶ ಸಾಕು. ಐಪ್ಯಾಡ್ ಇರುವವರು ಆ್ಯಪಲ್ ನೋಟ್ಸ್‌ನಿಂದ ಆರಂಭಿಸಬಹುದು. ಹಲವು ದಾಖಲೆಗಳನ್ನು ಹೋಲಿಸುವ ಓದಿಗೆ ಲಿಕ್ವಿಡ್‌ಟೆಕ್ಸ್ಟ್, ದೀರ್ಘಕಾಲದ ಪುನರಾವರ್ತನೆಗೆ ಮಾರ್ಜಿನ್‌ನೋಟ್ ಪರಿಶೀಲಿಸಬಹುದು.

ಕೊನೆಯದಾಗಿ, ವಿಭಜಿತ ಪರದೆಯ ಅತ್ಯುತ್ತಮ ಬಳಕೆಗೆ ಯಾವ ತಂತ್ರಾಂಶದ ಹಂಗೂ ಇಲ್ಲ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಬರೆದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡವರಿಗೆ ಒಂದು ವಾರದ ನಂತರ ಹೆಚ್ಚು ವಿಷಯ ನೆನಪಿತ್ತು. ಆದ್ದರಿಂದ ವಾರಕ್ಕೊಮ್ಮೆ ಪುಸ್ತಕದ ಭಾಗವನ್ನು ಮುಚ್ಚಿ, ಟಿಪ್ಪಣಿಯ ಭಾಗದಲ್ಲಿ ನೆನಪಿದ್ದಷ್ಟನ್ನು ಬರೆದು, ನಂತರ ಪುಸ್ತಕ ತೆರೆದು ತಪ್ಪು ತಿದ್ದಿಕೊಳ್ಳಬೇಕು. ಪರೀಕ್ಷಾ ಕೊಠಡಿಯಲ್ಲಿ ಅಭ್ಯರ್ಥಿಯ ಮುಂದೆ ಇರುವುದು ಆ ಒಂದು ಭಾಗ ಮಾತ್ರ.